ಮರದ ವೈದ್ಯ: ಪಟ್ಟಣದಲ್ಲೊಂದು ಸ್ವತಂತ್ರ ವೃತ್ತಿ

ಬೆಂಗಳೂರಿನ ಮರಗಳಿಗೆ ಮುಂಗಾರಿನ ಮೊದಲ ದಿನಗಳು ಪರೀಕ್ಷೆಯ ದಿನಗಳು. 2024ರ ಜೂನ್ 2ರಂದು ಈ ನಗರದಲ್ಲಿ ಒಂದೇ ದಿನ 111 ಮಿಲಿಮೀಟರು ಮಳೆ ಸುರಿದು, 1891ರಿಂದ ಉಳಿದುಬಂದಿದ್ದ ಜೂನ್ ತಿಂಗಳ ದಾಖಲೆಯನ್ನು ಮುರಿಯಿತು. ಗಾಳಿಯೊಡನೆ ಬಂದ ಆ ಮಳೆಗೆ ನೂರಾರು ಮರಗಳು ನೆಲಕ್ಕುರುಳಿದವು. ಇಂಥ ಮಳೆಯ ಮಾರನೆಯ ಬೆಳಗ್ಗೆ ಬಡಾವಣೆಗಳ ಗೃಹಸ್ಥರು ತಮ್ಮ ಅಂಗಳದ ಮರವನ್ನು ಕತ್ತೆತ್ತಿ ನೋಡುತ್ತಾರೆ. ವರ್ಷಗಟ್ಟಲೆ ನೆರಳು ಕೊಟ್ಟ ಮರ ಅಂದು ಅವರ ಕಣ್ಣಿಗೆ ಭಯದ ವಸ್ತುವಾಗಿ ತೋರುತ್ತದೆ. ಯಾರನ್ನು ಕರೆಯಬೇಕು? ಮಚ್ಚು, ಕೊಡಲಿ ಹಿಡಿದು ಬೀದಿಯಲ್ಲಿ ಬರುವವನನ್ನೆ? ಅವನು ಮರವನ್ನು ಕಡಿಯಬಲ್ಲನು, ನಿಜ. ಅದನ್ನು ಉಳಿಸಬೇಕೆ, ಉರುಳಿಸಬೇಕೆ ಎಂಬುದನ್ನು ಹೇಳಬಲ್ಲನೆ?

ಅದನ್ನು ಹೇಳಬಲ್ಲವನೇ ಮರದ ವೈದ್ಯ. ಇಂಗ್ಲಿಷಿನಲ್ಲಿ ಅವನಿಗೆ ಟ್ರೀ ಸರ್ಜನ್ ಎಂದು ಹೆಸರು. ಪಾಶ್ಚಾತ್ಯ ದೇಶಗಳಲ್ಲಿ ಇದು ಬೇರೂರಿದ ಕಸುಬು. ನಮ್ಮ ನಗರಗಳಲ್ಲಿಯೋ ಇನ್ನೂ ಚಿಗುರುತ್ತಿರುವ ವೃತ್ತಿ. ಯಾರ ಕೈಕೆಳಗೂ ದುಡಿಯದೆ ಸ್ವಂತ ಕಾಲಿನ ಮೇಲೆ ನಿಲ್ಲಬಯಸುವ ಶ್ರಮಶೀಲ ತರುಣರಿಗೆ ಇದರಲ್ಲಿ ಅನ್ನವಿದೆ, ಮರ್ಯಾದೆಯೂ ಇದೆ. ಆದರೆ ತಿಳಿಯದೆ ಕೈಹಾಕಿದವನಿಗೆ ಇದರಷ್ಟು ಅಪಾಯದ ಕೆಲಸವೂ ಮತ್ತೊಂದಿಲ್ಲ.

ನಾಯಂಡಹಳ್ಳಿಯಂಥ ನೆಲೆ

ಉದಾಹರಣೆಗೆ ನಾಯಂಡಹಳ್ಳಿಯನ್ನು ತೆಗೆದುಕೊಳ್ಳಬಹುದು. ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಸ್ಥಳವಿದು. ಪಕ್ಕದಲ್ಲಿ ವೃಷಭಾವತಿ ಹರಿಯುತ್ತದೆ. ಮೈಸೂರಿನ ರೈಲುದಾರಿ ಇಲ್ಲಿಯೇ ಹಾದುಹೋಗುತ್ತದೆ; 2021ರ ಆಗಸ್ಟಿನಿಂದ ಮೆಟ್ರೋ ಗಾಡಿಯೂ ನಿಲ್ಲುತ್ತಿದೆ. ಒಂದು ಕಡೆ ವಿಜಯನಗರ, ಪಂತರಪಾಳ್ಯಗಳ ಒತ್ತೊತ್ತಾದ ಮನೆಗಳು. ಇನ್ನೊಂದು ಕಡೆ ರಾಜರಾಜೇಶ್ವರಿನಗರ, ಕೆಂಗೇರಿಗಳ ಬಡಾವಣೆಗಳು. ನಡುವೆ ಜ್ಞಾನಭಾರತಿಯ ಹಸಿರು ಆವರಣ. 30-40ರ ನಿವೇಶನದಲ್ಲಿ ಮನೆ ಕಟ್ಟಿದವರೂ ಹಿತ್ತಿಲಲ್ಲೊಂದು ತೆಂಗು, ಮುಂದೊಂದು ಮಾವು ಅಥವಾ ಹೊಂಗೆ ಇಟ್ಟುಕೊಂಡಿರುವುದುಂಟು. ಸೈಕಲ್ಲಿನಲ್ಲಿಯೋ ಸ್ಕೂಟರಿನಲ್ಲಿಯೋ ಹೋಗಿಬರುವ ದೂರದಲ್ಲಿಯೇ ವೃತ್ತಿಗೆ ಬೇಕಾದಷ್ಟು ಮರಗಳಿವೆ. ಇಳಿಸಿದ ದಿಮ್ಮಿಗಳನ್ನು ಕೊಳ್ಳುವವರನ್ನು ವಿಚಾರಿಸುವುದಕ್ಕೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯೂ ದೂರವಲ್ಲ.

ಬೇಡಿಕೆಗೆ ಇನ್ನೊಂದು ಕಾರಣವೂ ಉಂಟು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ಮುಂದಾಳತನದಲ್ಲಿ ಬೆಂಗಳೂರಿನ ರಸ್ತೆಗಳಲ್ಲಿಯೂ ಬಡಾವಣೆಗಳಲ್ಲಿಯೂ ಸುಮಾರು 15 ಲಕ್ಷ ಗಿಡಗಳನ್ನು ನೆಡಲಾಯಿತು. ಅಂದು ಸಸಿಗಳಾಗಿದ್ದವು ಇಂದು 40 ವರ್ಷದ ಮರಗಳು. ಅವುಗಳ ಬುಡದವರೆಗೂ ಕಾಂಕ್ರೀಟು ಬಂದಿದೆ. ಚರಂಡಿಗೆಂದು, ಕೇಬಲಿಗೆಂದು ಅಗೆದಾಗಲೆಲ್ಲ ಬೇರು ಕತ್ತರಿಸಿಹೋಗಿದೆ. ವಯಸ್ಸಾದವರಿಗೆ ವೈದ್ಯರು ಹೇಗೆ ಬೇಕೋ ಹಾಗೆಯೇ ಇವುಗಳಿಗೂ ಬೇಕು.

ಹಳೆಯ ವಿದ್ಯೆ, ಹೊಸ ತಿಳಿವಳಿಕೆ

ಮರಕ್ಕೆ ಮದ್ದು ಮಾಡುವ ವಿದ್ಯೆ ಕನ್ನಡಕ್ಕೆ ಹೊಸದೇನಲ್ಲ. ಚಾಲುಕ್ಯ ಅರಸು ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೂ ಸ್ಥಾನ ದೊರೆತಿದೆ. ಪಶ್ಚಿಮದಲ್ಲಿ ಈ ಕಸುಬಿಗೆ ಹೆಸರು ತಂದವರಲ್ಲಿ ಅಮೆರಿಕದ ಜಾನ್ ಡೇವಿ ಮುಖ್ಯನು. 1901ರಲ್ಲಿ ಅವನು ಮರದ ವೈದ್ಯವನ್ನು ಕುರಿತು ಗ್ರಂಥವನ್ನು ಹೊರತಂದನು. ಆ ಕಾಲದವರು ಹುಣ್ಣಾದ ಮರದ ಪೊಟರೆಯನ್ನು ಕೆರೆದು, ಹಲ್ಲಿನ ವೈದ್ಯನು ಹಲ್ಲು ತುಂಬುವಂತೆ ಸಿಮೆಂಟು ತುಂಬುತ್ತಿದ್ದರು. ಗಾಯಕ್ಕೆ ಟಾರು ಬಳಿಯುತ್ತಿದ್ದರು.

ಈ ಎರಡು ಪದ್ಧತಿಗಳೂ ತಪ್ಪೆಂದು ಅನಂತರ ತಿಳಿದುಬಂತು. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ಪರಿಶೀಲಿಸಿ, 1970ರ ದಶಕದಲ್ಲಿ ಒಂದು ಮುಖ್ಯ ವಿಷಯವನ್ನು ಸ್ಥಾಪಿಸಿದನು. ನಮ್ಮ ಚರ್ಮದ ಗಾಯದಂತೆ ಮರದ ಗಾಯ ಮಾಯುವುದಿಲ್ಲ. ಮರವು ಕೆಟ್ಟ ಭಾಗದ ಸುತ್ತಲೂ ತನ್ನೊಳಗೇ ಗೋಡೆ ಕಟ್ಟಿಕೊಂಡು, ಕೊಳೆಯನ್ನು ಅಲ್ಲಿಯೇ ಬಂಧಿಸುತ್ತದೆ. ಅದರ ಹೊರಗೆ ಹೊಸ ಮರವನ್ನು ಬೆಳೆಸುತ್ತದೆ. ಪೊಟರೆಯನ್ನು ಕೆರೆದರೆ ಆ ಗೋಡೆಯೇ ಒಡೆಯುತ್ತದೆ. ಬಣ್ಣ, ಟಾರುಗಳ ಲೇಪ ಕೊಳೆಯುವುದನ್ನು ತಡೆಯಲಾರದು. ಆದುದರಿಂದ ಪೊಟರೆಗೆ ಸಿಮೆಂಟು ತುಂಬುವೆನೆಂದು ಬರುವವನನ್ನು ಗೃಹಸ್ಥರು ನಯವಾಗಿ ಹಿಂದಕ್ಕೆ ಕಳುಹಿಸುವುದೇ ಲೇಸು.

ಮರಗಳ ಈ ಸ್ವಭಾವವನ್ನು ಕಾಣಬಯಸುವವರು ಕೆಂಗೇರಿಯಾಚೆ ಕೇತೋಹಳ್ಳಿಯ ದೊಡ್ಡ ಆಲದ ಮರವನ್ನು ನೋಡಿಬರಬಹುದು. ಸುಮಾರು 400 ವರ್ಷದ್ದೆಂದು ಹೇಳುವ ಆ ಮರದ ಮೂಲ ಕಾಂಡ ರೋಗದಿಂದ ಅಳಿದುಹೋಗಿದೆ. ಆದರೂ ಬಿಳಲುಗಳೇ ಕಾಂಡಗಳಾಗಿ ಅದು ಸುಮಾರು 3 ಎಕರೆಯಲ್ಲಿ ಹಬ್ಬಿ ನಿಂತಿದೆ. ಒಂದು ಭಾಗ ಸತ್ತಿತೆಂದು ಇಡೀ ಮರದ ಆಸೆ ಬಿಡಬಾರದೆಂಬುದು ಈ ವೃತ್ತಿಯ ಮೊದಲ ಪಾಠ.

ಮೊದಲು ಕಣ್ಣು, ಆಮೇಲೆ ಗರಗಸ

ರೋಗಿಯ ನಾಡಿ ನೋಡದೆ ಮದ್ದು ಕೊಡುವ ವೈದ್ಯನಿಲ್ಲ. ಹಾಗೆಯೇ ಮರವನ್ನು ಒಂದು ಸುತ್ತು ಬಂದು ಬುಡದಿಂದ ತುದಿಯವರೆಗೆ ನೋಡದೆ ಗರಗಸ ಎತ್ತತಕ್ಕದ್ದಲ್ಲ. ಬುಡದ ಮಣ್ಣು ಒಂದು ಕಡೆ ಉಬ್ಬಿ ಬಿರುಕುಬಿಟ್ಟಿದೆಯೆ? ಇತ್ತೀಚೆಗೆ ವಾಲಿದೆಯೆ? ಬುಡದಲ್ಲಿಯೋ ಕಾಂಡದ ಮೇಲೆಯೋ ಅಣಬೆ ಎದ್ದಿದೆಯೆ? ಹತ್ತಿರದಲ್ಲಿ ಯಾರಾದರೂ ಕಾಲುವೆ ತೋಡಿ ಬೇರು ಕಡಿದಿರುವರೆ? ಕವಲೊಡೆದ ಜಾಗದಲ್ಲಿ ಸೀಳು ಕಾಣುತ್ತದೆಯೆ? ಮರದ ಸುತ್ತಿಗೆಯಿಂದ ಮೆಲ್ಲನೆ ಬಡಿದರೆ ಕಾಂಡ ಡೊಳ್ಳಿನಂತೆ ನುಡಿಯುತ್ತದೆಯೆ? ಇವುಗಳಲ್ಲಿ ಮೊದಲ ಎರಡು ಚಿಹ್ನೆಗಳು ಒಟ್ಟಿಗೆ ಕಂಡರೆ ತಡಮಾಡಲಾಗದು. ಪೊಟರೆ ಮಾತ್ರ ಕಂಡರೆ ಗಾಬರಿಗೊಳ್ಳಬೇಕಾದುದಿಲ್ಲ. ಕಾಂಡದ ನಡುವಿನ ತಿರುಳು ಹೇಗೂ ನಿರ್ಜೀವವಾದದ್ದು. ಸುತ್ತಲಿನ ಗೋಡೆ ದಪ್ಪವಾಗಿ ಗಟ್ಟಿಯಾಗಿದ್ದರೆ ಟೊಳ್ಳು ಮರವೂ ಬಹುಕಾಲ ನಿಲ್ಲುತ್ತದೆ.

ಮಾವಿನ ಮರದ ಮೇಲೆ ಬಂದಳಿಕೆ ಹತ್ತಿದ್ದರೆ, ಅದು ಕಚ್ಚಿದ ರೆಂಬೆಯನ್ನು ಕಚ್ಚಿದ ಜಾಗದ ಕೆಳಗಿನಿಂದಲೇ ತೆಗೆಯಬೇಕು. ಬಂದಳಿಕೆಯ ಎಲೆಯನ್ನು ಮಾತ್ರ ಸವರಿದರೆ ಮತ್ತೆ ಚಿಗುರುತ್ತದೆ. ಮಾವನ್ನು ಸವರಲು ಹಣ್ಣು ಕೊಯ್ದ ತರುವಾಯದ ದಿನಗಳು ಯೋಗ್ಯ. ಒಣಗಿದ, ಜೋತುಬಿದ್ದ ಕೊಂಬೆಗಳನ್ನು ಫೆಬ್ರವರಿ, ಮಾರ್ಚಿಯಲ್ಲಿಯೇ ಇಳಿಸಿದರೆ ಏಪ್ರಿಲ್, ಮೇ ತಿಂಗಳ ಸಂಜೆಯ ಬಿರುಗಾಳಿಗೆ ಹೆದರಬೇಕಾಗುವುದಿಲ್ಲ. ಮರದ ಮೇಲೆ ಹಕ್ಕಿಯ ಗೂಡಿನಲ್ಲಿ ಮರಿಗಳಿದ್ದರೆ ಕೆಲಸವನ್ನು ಕೆಲವು ವಾರ ಮುಂದೂಡುವುದು ಧರ್ಮ. ಹೆಜ್ಜೇನಿನ ಹುಟ್ಟು ಇದ್ದರಂತೂ ಹತ್ತಲೇಬಾರದು. ಹೊಗೆ ಹಾಕುವ ಸಾಹಸಕ್ಕೂ ಇಳಿಯದೆ, ಅದನ್ನು ಬಲ್ಲವರಿಗೆ ಬಿಡಬೇಕು.

ಕತ್ತರಿಸುವ ಕ್ರಮ

ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ, ಅದು ಬೀಳುವಾಗ ಕಾಂಡದ ತೊಗಟೆಯನ್ನು ಉದ್ದಕ್ಕೂ ಸುಲಿದುಕೊಂಡು ಬೀಳುತ್ತದೆ. ಆದುದರಿಂದ ಮೂರು ಕೊಯ್ತಗಳು ಬೇಕು. ಕಾಂಡದಿಂದ ಒಂದಡಿಯಷ್ಟು ದೂರದಲ್ಲಿ, ಕೊಂಬೆಯ ಕೆಳಗಿನಿಂದ ಅದರ ದಪ್ಪದ ಮೂರನೆಯ ಒಂದು ಭಾಗದವರೆಗೆ ಮೊದಲ ಕೊಯ್ತ. ಅದಕ್ಕಿಂತ ಸ್ವಲ್ಪ ಹೊರಗೆ, ಮೇಲಿನಿಂದ ಎರಡನೆಯದು. ಇದರಿಂದ ಕೊಂಬೆಯ ಭಾರವೆಲ್ಲ ಸುಲಿಯದೆ ಇಳಿಯುತ್ತದೆ. ಉಳಿದ ಮೋಟನ್ನು ತೆಗೆಯುವುದು ಮೂರನೆಯ ಕೊಯ್ತ. ಕೊಂಬೆಯು ಕಾಂಡವನ್ನು ಸೇರುವಲ್ಲಿ ಬಳೆಯಂತೆ ಉಬ್ಬಿರುವ ಭಾಗವೊಂದುಂಟು. ಮರವು ಗಾಯವನ್ನು ಮುಚ್ಚುವುದು ಆ ಉಬ್ಬಿನಿಂದಲೇ. ಅದನ್ನು ಕೊಯ್ಯಲೂ ಬಾರದು, ಅದರಾಚೆ ಮೋಟು ಉಳಿಸಲೂ ಬಾರದು.

ಒಂದು ವರ್ಷದಲ್ಲಿ ಮರದ ಎಲೆಭಾರದ ಕಾಲುಭಾಗಕ್ಕಿಂತ ಹೆಚ್ಚು ತೆಗೆಯದಿರುವುದು ಒಳ್ಳೆಯ ನಿಯಮ. ಆದರೆ ಬಡಾವಣೆಗಳಲ್ಲಿ ಕೇಳಿಬರುವ ಮಾತೇ ಬೇರೆ. “ನಡುವಿಗೇ ಕಡಿದುಬಿಡಪ್ಪ, ಎರಡು ವರ್ಷ ಕಾಟ ತಪ್ಪಲಿ” ಎನ್ನುತ್ತಾರೆ ಮನೆಯ ಯಜಮಾನರು. “ಕಡಿಯಬಹುದು ಸ್ವಾಮಿ, ಆದರೆ ಆಮೇಲೆ ಬರುವ ಚಿಗುರೆಲ್ಲ ತೊಗಟೆಗೆ ಅಂಟಿಕೊಂಡು ಬರುತ್ತದೆ. ನಾಲ್ಕು ವರ್ಷಕ್ಕೆ ಅದೇ ದಪ್ಪ ಕೊಂಬೆಯಾಗಿ ತಮ್ಮ ಮಾಳಿಗೆಯ ಮೇಲೆ ಮುರಿದುಬೀಳುತ್ತದೆ” ಎಂದು ತಿಳಿಹೇಳುವ ಧೈರ್ಯ ಮರದ ವೈದ್ಯನಿಗಿರಬೇಕು. ನೆತ್ತಿ ಕಡಿದ ಮರ ಕೊಳೆತು ದುರ್ಬಲವಾಗುತ್ತದೆ. ಇಂದಿನ ಕೂಲಿಗಾಗಿ ಅದನ್ನು ಕಡಿದವನು ನಾಳಿನ ಅಪಾಯಕ್ಕೆ ಬೀಜ ಬಿತ್ತಿರುತ್ತಾನೆ. ಎಳೆಯ ಗಿಡವನ್ನಾದರೋ ಮೊದಲ ಕೆಲವು ವರ್ಷ ತಿದ್ದಿ, ಜೋಡಿ ಕವಲಿನಲ್ಲಿ ಒಂದನ್ನು ತೆಗೆದರೆ ಮುಂದೆ ಏಣಿಯನ್ನೇ ಇಡಬೇಕಾಗುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಪ್ರಾಣವೇ ಬಂಡವಾಳ

ಈ ವೃತ್ತಿಯಲ್ಲಿ ತಪ್ಪಿದ ಹೆಜ್ಜೆಗೆ ಎರಡನೆಯ ಅವಕಾಶವಿಲ್ಲ. ಹಸಿ ಮರದ ಭಾರವನ್ನು ಕಣ್ಣಂದಾಜಿನಲ್ಲಿ ಅಳೆಯುವವರು ಬಹುಮಟ್ಟಿಗೆ ಮೋಸಹೋಗುತ್ತಾರೆ. ಒಂದಡಿ ಅಡ್ಡಳತೆಯ, ಹತ್ತಡಿ ಉದ್ದದ ಹಸಿ ಕೊಂಬೆ ಸುಮಾರು 200 ಕಿಲೋ ತೂಗುತ್ತದೆ. ಎಂದರೆ ನಾಲ್ಕು ಮೂಟೆ ಸಿಮೆಂಟಿನ ಭಾರ. ಅದನ್ನು ಕೈಯಲ್ಲಿ ಹಿಡಿದು ಇಳಿಸುವೆನೆಂಬುದು ಹುಂಬತನ. ಕೆಳಗೆ ಮನೆಯ ಹೆಂಚೋ ಗಾಜೋ ಇದ್ದರೆ ಕೊಂಬೆಯನ್ನು ತುಂಡುತುಂಡಾಗಿ ಹಗ್ಗ, ರಾಟೆಗಳಿಂದ ಇಳಿಸಬೇಕು.

ಹತ್ತುವವನಿಗೆ ಬೇಕಾದ ಸಲಕರಣೆ ಹೆಚ್ಚಲ್ಲ. ಆದರೆ ಒಂದನ್ನೂ ಬಿಡುವಂತಿಲ್ಲ. ಭಾರತೀಯ ಮಾನಕ ಐಎಸ್ 3521ರ ಗುರುತುಳ್ಳ ದೇಹಕ್ಕೆ ಕಟ್ಟುವ ಸುರಕ್ಷಾಪಟ್ಟಿ, ಐಎಸ್ 2925ರ ಗುರುತುಳ್ಳ ಹೆಲ್ಮೆಟ್, ಹತ್ತುವುದಕ್ಕಾಗಿಯೇ ತಯಾರಾದ 11ರಿಂದ 13 ಮಿಲಿಮೀಟರಿನ ಹಗ್ಗ, ಕೈಗರಗಸ, ಕಣ್ಣಿಗೆ ಕನ್ನಡಕ, ಹಿಡಿತವುಳ್ಳ ಬೂಟು. ತೆಂಗಿನ ನಾರಿನ ಹಗ್ಗ ಸೌದೆ ಕಟ್ಟಲು ಸರಿ, ಮನುಷ್ಯನನ್ನು ಕಟ್ಟಲು ಅಲ್ಲ. ಒಮ್ಮೆ ಬಿದ್ದವನನ್ನು ತಡೆದ ಹಗ್ಗವನ್ನು ಮತ್ತೆ ಬಳಸಕೂಡದು.

ಯಂತ್ರದ ಗರಗಸವನ್ನು ಮೊದಲ ವರ್ಷ ನೆಲದ ಮೇಲಿನ ದಿಮ್ಮಿಗಳಿಗೆ ಮಾತ್ರ ಬಳಸುವುದು ವಿವೇಕ. ಅದರ ಅಲಗಿನ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದತ್ತ ಹಾರುತ್ತದೆ. ಒಂದೇ ಕೈಯಲ್ಲಿ, ಹೆಗಲಿಗಿಂತ ಮೇಲೆ, ಏಣಿಯ ಮೇಲೆ ನಿಂತು ಅದನ್ನು ನಡೆಸಬಾರದು.

ಎಲ್ಲಕ್ಕಿಂತ ದೊಡ್ಡ ಶತ್ರು ವಿದ್ಯುತ್ ತಂತಿ. ಅಮೆರಿಕದ ನಿಯಮದಂತೆ, ವಿಶೇಷ ತರಬೇತಿಯಿಲ್ಲದವರು 50 ಕಿಲೋವೋಲ್ಟಿನವರೆಗಿನ ತಂತಿಯಿಂದ ಹತ್ತಡಿ ದೂರವಿರಬೇಕು. ಹಸಿ ತೆಂಗಿನ ಗರಿಯೂ, ಅಲ್ಯೂಮಿನಿಯಂ ಏಣಿಯೂ ವಿದ್ಯುತ್ತನ್ನು ಹರಿಸುತ್ತವೆ. ತಂತಿ ಹತ್ತಿರವಿದ್ದರೆ ಬೆಸ್ಕಾಂಗೆ 1912ರ ಸಂಖ್ಯೆಯಲ್ಲಿ ತಿಳಿಸಿ, ಅವರು ವಿದ್ಯುತ್ತನ್ನು ನಿಲ್ಲಿಸಿರುವುದು ಖಚಿತವಾದ ಮೇಲೆಯೇ ಹತ್ತಬೇಕು. “ಪಕ್ಕದ ಮನೆಯಲ್ಲಿ ದೀಪವಿಲ್ಲ, ಕರೆಂಟು ಹೋಗಿದೆ” ಎಂಬ ಊಹೆಯನ್ನು ನಂಬತಕ್ಕದ್ದಲ್ಲ.

ಒಬ್ಬನೇ ಎಂದಿಗೂ ಮರ ಹತ್ತಬಾರದು. ಕೆಳಗಿರುವವನು ಬೀದಿಯ ಜನರನ್ನು ತಡೆಯುವುದಕ್ಕೆ ಮಾತ್ರವಲ್ಲ, ಅಗತ್ಯಬಿದ್ದರೆ ಮೇಲೇರಿ ಜೊತೆಗಾರನನ್ನು ಇಳಿಸಿತರುವುದಕ್ಕೂ ಬಲ್ಲವನಾಗಿರಬೇಕು. ಪ್ರಜ್ಞೆ ತಪ್ಪಿ ಸುರಕ್ಷಾಪಟ್ಟಿಯಲ್ಲಿ ತೂಗಾಡುವವನ ಕಾಲುಗಳಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯವಾಗಬಹುದು. 108ರ ಆಂಬ್ಯುಲೆನ್ಸಿಗೆ ಹೇಳಿಕಳುಹಿಸಿ ಕಾಯುತ್ತ ನಿಲ್ಲುವಷ್ಟು ವೇಳೆ ಅಲ್ಲಿರುವುದಿಲ್ಲ.

ಕಾಯಿದೆಯ ಮಾತು

‘ನನ್ನ ಮನೆ, ನನ್ನ ಮರ’ ಎಂದು ಭಾವಿಸುವವರೇ ಹೆಚ್ಚು. ಆದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಸ್ವಂತ ನಿವೇಶನದ ಮರವನ್ನು ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಮೊದಲಾದ ಕೆಲವು ಜಾತಿಗಳಿಗೆ ವಿನಾಯಿತಿ ಉಂಟು. ಬುಡ ಕಡಿಯುವುದಕ್ಕೆ ಮಾತ್ರವಲ್ಲದೆ ದೊಡ್ಡ ಕೊಂಬೆಗಳನ್ನು ಇಳಿಸುವುದಕ್ಕೂ ಮೊದಲು ಆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. 2025ರ ಸೆಪ್ಟೆಂಬರಿನಲ್ಲಿ ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ಮನೆ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ತಿಳಿದುಕೊಂಡು ಅರ್ಜಿ ಹಾಕಬೇಕು. ರಸ್ತೆಬದಿಯ ಮರವಂತೂ ಸಾರ್ವಜನಿಕರ ಸ್ವತ್ತು. ಅಂಗಡಿಯ ಫಲಕಕ್ಕೆ ಅಡ್ಡವಾಗಿದೆಯೆಂದು ಯಾರು ಎಷ್ಟು ಹಣ ಕೊಟ್ಟರೂ ಅದನ್ನು ಮುಟ್ಟಬಾರದು.

ಶ್ರೀಗಂಧದ ವಿಷಯ ಬೇರೆಯೇ. 2001ರ ತಿದ್ದುಪಡಿಯ ತರುವಾಯ ತನ್ನ ಜಮೀನಿನಲ್ಲಿ ಬೆಳೆದ ಗಂಧಕ್ಕೆ ಮಾಲೀಕನೇ ಒಡೆಯ; ಆದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಕಡಿಯುವುದು, ಸಾಗಿಸುವುದು ಗುರುತರ ಅಪರಾಧ. ಅನುಮತಿಯ ಪತ್ರವನ್ನು ಕಣ್ಣಾರೆ ಕಂಡು, ಅದರ ಪ್ರತಿಯೊಂದನ್ನು ಜೇಬಿನಲ್ಲಿಟ್ಟುಕೊಂಡ ಮೇಲೆಯೇ ಕೆಲಸಕ್ಕೆ ಕೈಹಾಕುವುದು ವೃತ್ತಿಗಾರನ ನಿಯಮವಾಗಿರಲಿ.

ಕೂಲಿಯ ಲೆಕ್ಕ

ಹೊಸಬರು ಎಡವುವುದು ಮರದ ಮೇಲೆ ಎಷ್ಟೋ, ಲೆಕ್ಕದಲ್ಲಿಯೂ ಅಷ್ಟೇ. ಮರವನ್ನು ನೋಡದೆ ದೂರವಾಣಿಯಲ್ಲಿಯೇ ದರ ಹೇಳುವುದು ಮೊದಲ ತಪ್ಪು. ಸ್ಥಳಕ್ಕೆ ಹೋಗಿ, ಕೆಲಸಕ್ಕೆ ಎಷ್ಟು ಆಳು, ಎಷ್ಟು ದಿನ, ಸೊಪ್ಪು ಸೌದೆ ಸಾಗಿಸಲು ಟೆಂಪೊ ಎಷ್ಟು ಬಾರಿ ಬರಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಹಗ್ಗ, ಅಲಗುಗಳ ಸವೆತ, ಪೆಟ್ರೋಲು, ವಿಮೆ, ಓಡಾಟದ ಖರ್ಚುಗಳನ್ನೂ ಸೇರಿಸಬೇಕು. ಮಳೆ ಬಂದ ದಿನ ಕೆಲಸವಿಲ್ಲ. ಒದ್ದೆ ಮರ ಹತ್ತುವಂತಿಲ್ಲ. ತಿಂಗಳ 30 ದಿನಗಳಲ್ಲಿ 15 ದಿನ ಮಾತ್ರ ಕೆಲಸ ದೊರೆತರೆ, ಆ 15 ದಿನಗಳ ಸಂಪಾದನೆಯೇ 30 ದಿನಗಳ ಅನ್ನವೆಂಬುದನ್ನು ಮರೆತು ದರ ಕಟ್ಟಿದವನು ವರ್ಷದ ಕೊನೆಗೆ ಸಾಲಗಾರನಾಗುತ್ತಾನೆ.

ಒಪ್ಪಂದ ಒಂದು ಹಾಳೆಯಲ್ಲಾದರೂ ಬರಹದಲ್ಲಿರಲಿ. ಯಾವ ಕೊಂಬೆಗಳು, ಯಾವ ದಿನ, ಸೌದೆ ಯಾರಿಗೆ, ಕಸ ಯಾರು ಸಾಗಿಸಬೇಕು, ಗೋಡೆಗೆ ಪೆಟ್ಟಾದರೆ ಯಾರ ಹೊಣೆ, ಮುಂಗಡ ಎಷ್ಟು, ಬಾಕಿ ಯಾವಾಗ ಎಂಬುದಿಷ್ಟು ಸಾಕು. ಕೆಲಸಕ್ಕೆ ಮುಂಚೆ ಮತ್ತು ಅನಂತರ ಮರದ ಛಾಯಾಚಿತ್ರ ತೆಗೆದಿಟ್ಟರೆ ಮುಂದಿನ ತಕರಾರು ಅರ್ಧಕ್ಕರ್ಧ ತಪ್ಪುತ್ತದೆ. ನೆರೆಮನೆಯ ಆವರಣದಲ್ಲಿ ಕೊಂಬೆ ಬೀಳುವಂತಿದ್ದರೆ ಅವರಿಗೂ ಮೊದಲೇ ಹೇಳಿರಬೇಕು.

ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಬ್ಯಾಂಕಿನಲ್ಲಿ ಸಾಲ ಕೇಳುವಾಗ ಅದು ಉಪಯೋಗಕ್ಕೆ ಬರುತ್ತದೆ. ಸೇವೆಯಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರುವವರೆಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ. ವಿಮೆಯ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಅಪಘಾತದ ಮರಣಕ್ಕೆ 2 ಲಕ್ಷ ರೂಪಾಯಿ ದೊರೆಯುತ್ತದೆ. ಒಂದು ಸಂಸಾರಕ್ಕೆ ಅದು ಸಾಲದು; ಆರಂಭವೆಂದು ತಿಳಿದು, ಮೇಲೆ ಮತ್ತೊಂದು ಅಪಘಾತ ವಿಮೆಯನ್ನೂ, ಇತರರ ಆಸ್ತಿಗೆ ಆಗುವ ಹಾನಿಯ ವಿಮೆಯನ್ನೂ ಮಾಡಿಸಬೇಕು. ಜೊತೆಯಲ್ಲಿ ದುಡಿಯುವ ಆಳಿನ ಹೆಸರನ್ನೂ ಮರೆಯಬಾರದು. ಅವನಿಗೂ ಮನೆಯಲ್ಲಿ ಕಾಯುವವರಿದ್ದಾರೆ.

ಕಲಿಯುವುದು ಹೇಗೆ?

ತೆಂಗಿನಿಂದ ಆರಂಭಿಸುವವರಿಗೆ ದಾರಿ ಸುಲಭ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಕೇರಳದಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ಅರ್ಥದ ಹೆಸರಿನಲ್ಲಿ ಆರು ದಿನಗಳ ತರಬೇತಿಯನ್ನು ಆರಂಭಿಸಿತು. ಯಂತ್ರದಿಂದ ಮರ ಹತ್ತುವುದನ್ನು ಅದರಲ್ಲಿ ಕಲಿಸುತ್ತಾರೆ. ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿಯೇ ಇದೆ. ತೆಂಗಿನ ಮರ ಹತ್ತುವವರಿಗೆ ‘ಕೇರ ಸುರಕ್ಷಾ’ ಎಂಬ ವಿಮೆಯೂ ಉಂಟು. ಗಿಡಮರಗಳ ರೋಗ, ಕೀಟಗಳ ವಿಷಯವನ್ನು ಕೃಷಿ ವಿಶ್ವವಿದ್ಯಾನಿಲಯದಲ್ಲಿಯೂ, ಲಾಲ್‌ಬಾಗಿನ ತೋಟಗಾರಿಕೆ ಇಲಾಖೆಯಲ್ಲಿಯೂ, ಮರದ ಗುಣಗಳನ್ನು ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಯಲ್ಲಿಯೂ ಬಲ್ಲವರಿಂದ ಕೇಳಿ ತಿಳಿಯಬಹುದು. ಹಗ್ಗದ ಗಂಟುಗಳನ್ನು ಬಂಡೆ ಹತ್ತುವವರಿಂದ ಕಲಿಯಬಹುದು. ಇವೆಲ್ಲವನ್ನೂ ಕೂಡಿಸುವ ಶಾಲೆಯೆಂದರೆ ಅನುಭವಸ್ಥನೊಬ್ಬನ ಕೈಕೆಳಗೆ ಎರಡು ವರ್ಷ ಹಗ್ಗ ಹಿಡಿಯುವುದೇ.

ಗೃಹಸ್ಥರೂ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಎಲ್ಲರಿಗಿಂತ ಕಡಿಮೆ ಕೇಳಿದವನಿಗೆ ಕೆಲಸ ಕೊಡುವಾಗ, ಅವನು ಯಾವುದನ್ನು ಬಿಟ್ಟು ಕಡಿಮೆ ಮಾಡಿದನೆಂದು ವಿಚಾರಿಸಬೇಕು. ಬಹುತೇಕ ಅವನು ಬಿಟ್ಟದ್ದು ಸುರಕ್ಷಾಪಟ್ಟಿಯನ್ನೋ, ಜೊತೆಯ ಆಳನ್ನೋ, ವಿಮೆಯನ್ನೋ ಆಗಿರುತ್ತದೆ. ಅಂಗಳದ ಮರದ ಬುಡದಲ್ಲಿ ಸುತ್ತಲೂ ಮೂರಡಿಯಷ್ಟಾದರೂ ಮಣ್ಣನ್ನು ಸಿಮೆಂಟಿಲ್ಲದೆ ಬಿಟ್ಟರೆ ವೈದ್ಯನನ್ನು ಕರೆಸುವ ಪ್ರಸಂಗವೇ ಕಡಿಮೆಯಾಗುತ್ತದೆ. ದೆಹಲಿಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2013ರಲ್ಲಿ ಮರಗಳ ಸುತ್ತ ಒಂದು ಮೀಟರಿನ ಕಾಂಕ್ರೀಟನ್ನು ತೆಗೆಯಬೇಕೆಂದು ಆಜ್ಞಾಪಿಸಿತು. ಮನೆಯ ಅಂಗಳದಲ್ಲಿ ಅದನ್ನು ಮಾಡಲು ಯಾರ ಆಜ್ಞೆಯೂ ಬೇಕಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎಂಬುದು ಈ ವೃತ್ತಿಗೂ ಸಲ್ಲುವ ಮಾತು. ಆದರೆ ಇಲ್ಲಿ ಕೈಗಿಂತ ಮೊದಲು ತಲೆ ದುಡಿಯಬೇಕು. “ಈ ಮರವನ್ನು ಕಡಿಯಬೇಕಾಗಿಲ್ಲ, ಎರಡು ಕೊಂಬೆ ಇಳಿಸಿದರೆ ಸಾಕು” ಎಂದು ಹೇಳಿ ದೊಡ್ಡ ಕೂಲಿಯನ್ನು ಬಿಟ್ಟುಕೊಟ್ಟವನನ್ನು ಆ ಬೀದಿಯವರು ಮರೆಯುವುದಿಲ್ಲ. ಮರುವರ್ಷ ಮಳೆಗೆ ಮುಂಚೆ ಅವರೇ ಅವನನ್ನು ಕರೆಸಿಕೊಳ್ಳುತ್ತಾರೆ. ಮರ ಉಳಿದರೆ ಅದರೊಡನೆ ಅವನ ವೃತ್ತಿಯೂ ಉಳಿಯುತ್ತದೆ.